ಒಂದು ಕಿಲೋ ಮೈಲುತುತ್ತದಲ್ಲಿ ಎಷ್ಟು ಮೋಲ್? ಗ್ರಾಂನಿಂದ ಮೋಲ್‌ಗೆ ಹೋಗುವ ದಾರಿ

ಅಡಿಕೆ ತೋಟಕ್ಕೆ ಮಳೆಗಾಲದ ಮೊದಲ ಔಷಧಿ ಹೊಡೆಯುವ ದಿನ. ಅಂಗಳದಲ್ಲಿ ಎರಡು ಪ್ಲಾಸ್ಟಿಕ್ ಡ್ರಮ್ಮುಗಳು. ಒಂದರ ಪಕ್ಕದಲ್ಲಿ ನೀಲಿ ಹರಳಿನ ಮೈಲುತುತ್ತ (ತಾಮ್ರದ ಸಲ್ಫೇಟ್), ಇನ್ನೊಂದರ ಪಕ್ಕದಲ್ಲಿ ಸುಣ್ಣ. ಪ್ರಥಮ ಪಿಯುಸಿ ಓದುತ್ತಿರುವ ಅಕ್ಕನ ಮಗ ತಕ್ಕಡಿಯ ಹತ್ತಿರ ಕುಳಿತು ಎರಡನ್ನೂ ಒಂದೊಂದು ಕಿಲೋ ತೂಗಿಟ್ಟ. ನೂರು ಲೀಟರ್ ನೀರಿಗೆ ಇಷ್ಟು ಹಾಕಿದರೆ ಶೇಕಡಾ ಒಂದರ ಬೋರ್ಡೋ ದ್ರಾವಣ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿ. ತೂಗಿದವನು ಕೇಳಿದ: “ಮಾವ, ಎರಡೂ ಒಂದೊಂದು ಕಿಲೋ. ಹಾಗಾದರೆ ಎರಡೂ ಸಮಸಮ ತಾನೇ?”

ತೂಕದಲ್ಲಿ ಸಮ, ಎಣಿಕೆಯಲ್ಲಿ ಸಮವಲ್ಲ ಎಂದೆ. ಅವನಿಗೆ ಅದು ಹಿಡಿಸಲಿಲ್ಲ. ಮೋಲ್ ಲೆಕ್ಕವನ್ನು ಪರೀಕ್ಷೆಗಾಗಿ ಕಲಿತಿದ್ದ, ಉತ್ತರವನ್ನೂ ಸರಿಯಾಗಿ ತೆಗೆಯುತ್ತಿದ್ದ. ಆದರೆ ಆ ಉತ್ತರ ಕಣ್ಣೆದುರಿನ ಈ ನೀಲಿ ರಾಶಿಯ ಬಗ್ಗೆಯೇ ಮಾತಾಡುತ್ತಿದೆ ಎಂದು ಅವನಿಗೆ ಯಾರೂ ತೋರಿಸಿರಲಿಲ್ಲ. ಅಂದು ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಸಾವಿರ ಕಾಳಿನ ತೂಕ

ಬಿತ್ತನೆ ಬೀಜದ ವಿಷಯ ತಿಳಿದವರಿಗೆ ‘ಸಾವಿರ ಕಾಳಿನ ತೂಕ’ ಎಂಬ ಮಾತು ಗೊತ್ತಿರುತ್ತದೆ. ಒಂದು ತಳಿಯ ಭತ್ತದ ಸಾವಿರ ಕಾಳು 25 ಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳಿ. ಈಗ ಒಂದು ಕಿಲೋ ಭತ್ತದಲ್ಲಿ ಎಷ್ಟು ಕಾಳಿವೆ ಎಂದು ತಿಳಿಯಲು ಕುಳಿತು ಎಣಿಸಬೇಕಾಗಿಲ್ಲ. 1000 ಗ್ರಾಮನ್ನು 25ರಿಂದ ಭಾಗಿಸಿದರೆ 40. ಎಂದರೆ ನಲವತ್ತು ಸಾವಿರ ಕಾಳು. ರಾಗಿಯ ಸಾವಿರ ಕಾಳು 3 ಗ್ರಾಮಿನ ಆಸುಪಾಸು. ಒಂದು ಕಿಲೋ ರಾಗಿಯಲ್ಲಿ ಮೂರು ಲಕ್ಷಕ್ಕೂ ಮೀರಿ ಕಾಳು. ತಕ್ಕಡಿ ಎರಡನ್ನೂ ಒಂದೇ ಎನ್ನುತ್ತದೆ. ಆದರೆ ಗದ್ದೆಯಲ್ಲಿ ಮೊಳೆಯುವುದು ತೂಕವಲ್ಲ, ಕಾಳು.

ರಸಾಯನಶಾಸ್ತ್ರದಲ್ಲಿಯೂ ಹೀಗೆಯೇ. ಒಂದು ಕಣ ಇನ್ನೊಂದು ಕಣದ ಜೊತೆ ಕೂಡುತ್ತದೆ. ಒಂದು ಗ್ರಾಂ ಇನ್ನೊಂದು ಗ್ರಾಮಿನ ಜೊತೆ ಕೂಡುವುದಿಲ್ಲ. ಆದ್ದರಿಂದ ನಮಗೆ ಬೇಕಾದದ್ದು ಎಣಿಕೆ, ಕೈಯಲ್ಲಿರುವುದು ತಕ್ಕಡಿ. ಕಾಳಿಗೆ ಸಾವಿರದ ಲೆಕ್ಕ ಸಾಕು. ಅಣುಗಳು ಎಷ್ಟು ಚಿಕ್ಕವೆಂದರೆ ಅವಕ್ಕೆ ಬಹಳ ದೊಡ್ಡ ಕಂತೆ ಬೇಕು. ಆ ಕಂತೆಯ ಹೆಸರೇ ಮೋಲ್. ಒಂದು ಮೋಲ್ ಎಂದರೆ 6.02214076 × 10²³ ಕಣಗಳು. ಮೊದಲು ಇದನ್ನು 12 ಗ್ರಾಂ ಇಂಗಾಲ-12ರಲ್ಲಿರುವ ಪರಮಾಣುಗಳ ಸಂಖ್ಯೆ ಎಂದು ಹೇಳುತ್ತಿದ್ದರು. 2019ರ ಮೇ 20ರಿಂದ ಈ ಸಂಖ್ಯೆಯನ್ನೇ ನಿಖರ ಬೆಲೆಯಾಗಿ ನಿಗದಿ ಮಾಡಿದ್ದಾರೆ. ಇದಕ್ಕೆ ಇಟಲಿಯ ವಿಜ್ಞಾನಿ ಅವೊಗಾಡ್ರೋ ಹೆಸರಿದೆ. ಆ ಹೆಸರಿಟ್ಟವರು ಫ್ರಾನ್ಸಿನ ವಿಜ್ಞಾನಿ ಜ್ಯಾಂ ಪೆರಾಂ, 1909ರಲ್ಲಿ. ಅವೊಗಾಡ್ರೋ ತೀರಿಕೊಂಡು ಆಗಲೇ ಐವತ್ತು ವರ್ಷ ದಾಟಿತ್ತು.

ಸಾವಿರ ಕಾಳಿನ ತೂಕದ ಜಾಗದಲ್ಲಿ ಇಲ್ಲಿ ಬರುವುದು ಮೋಲಾರ್ ರಾಶಿ, ಅಂದರೆ ಒಂದು ಮೋಲ್ ವಸ್ತು ಎಷ್ಟು ಗ್ರಾಂ ತೂಗುತ್ತದೆ ಎಂಬುದು. ಲೆಕ್ಕವೆಲ್ಲ ಒಂದೇ ಸಾಲು: ಗ್ರಾಮಿನಲ್ಲಿರುವ ತೂಕವನ್ನು ಮೋಲಾರ್ ರಾಶಿಯಿಂದ ಭಾಗಿಸಿದರೆ ಮೋಲ್. ಭಾಗಾಕಾರದಲ್ಲಿ ತಪ್ಪುವವರು ಕಡಿಮೆ, ಕ್ಯಾಲ್ಕುಲೇಟರ್ ಅದನ್ನು ನೋಡಿಕೊಳ್ಳುತ್ತದೆ. ತಪ್ಪುವುದೆಲ್ಲ ಅದಕ್ಕೂ ಮೊದಲು, ಸೂತ್ರವನ್ನು ಓದುವಲ್ಲಿ. ಆದ್ದರಿಂದ ನಾನು ಅಲ್ಲಿಯೇ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಮೊದಲ ಹೆಜ್ಜೆ: ಕೈಯಲ್ಲಿರುವುದು ಏನು ಎಂದು ಖಚಿತ ಮಾಡಿಕೊಳ್ಳಿ

‘ತಾಮ್ರದ ಸಲ್ಫೇಟ್’ ಎಂದು ಹೇಳಿದರೆ ಅರ್ಧ ಮಾತು ಹೇಳಿದಂತೆ. ಅಂಗಡಿಯಲ್ಲಿ ಸಿಗುವ ನೀಲಿ ಹರಳಿನ ಸೂತ್ರವನ್ನು ಚೀಲದ ಮೇಲೆ ಓದಿ ನೋಡಿ. ಒಂದು ತಾಮ್ರ, ಒಂದು ಗಂಧಕ, ನಾಲ್ಕು ಆಮ್ಲಜನಕ ಇರುತ್ತವೆ. ಅದರ ನಂತರ ನಡುಮಟ್ಟದಲ್ಲಿ ಒಂದು ಚುಕ್ಕೆ. ಚುಕ್ಕೆಯ ಆಚೆ ಐದು ನೀರು. ಆ ಚುಕ್ಕೆಯನ್ನು ಗುಣಾಕಾರ ಎಂದು ಓದಬಾರದು, ‘ಜೊತೆಗೆ’ ಎಂದು ಓದಬೇಕು. ಪ್ರತಿಯೊಂದು ತಾಮ್ರದ ಸಲ್ಫೇಟಿನ ಜೊತೆಗೆ ಐದು ನೀರಿನ ಅಣುಗಳು ಹರಳಿನ ಒಳಗೇ ಕುಳಿತಿವೆ. ಹರಳು ಮುಟ್ಟಿದರೆ ಒಣಗಿಯೇ ಇರುತ್ತದೆ, ಆದರೂ ಅದರ ತೂಕದ ನೂರಕ್ಕೆ 36 ಪಾಲು ನೀರು. ಪ್ರಯೋಗಾಲಯದಲ್ಲಿ ಒಂದು ಹರಳನ್ನು ಪ್ರನಾಳದಲ್ಲಿಟ್ಟು ಕಾಯಿಸಿದರೆ ಪ್ರನಾಳದ ಮೇಲ್ಭಾಗದಲ್ಲಿ ಹನಿಗಳು ಕಟ್ಟುತ್ತವೆ, ನೀಲಿ ಬಣ್ಣ ಮಾಸುತ್ತಾ ಹೋಗಿ ಕೊನೆಗೆ ಬೂದಿಯಂಥ ಬಿಳಿಪುಡಿ ಉಳಿಯುತ್ತದೆ. ಅದು ಆರಿದ ಮೇಲೆ ಒಂದು ಹನಿ ನೀರು ಬಿಟ್ಟರೆ ಮತ್ತೆ ನೀಲಿ. ಈ ಪ್ರಯೋಗವನ್ನು ಒಮ್ಮೆ ಕಣ್ಣಾರೆ ನೋಡಿದ ವಿದ್ಯಾರ್ಥಿ ಚುಕ್ಕೆಯನ್ನು ಎಂದೂ ಮರೆಯುವುದಿಲ್ಲ. (ಅಡುಗೆಮನೆಯ ಚಮಚದಲ್ಲಿ ಮಾತ್ರ ಮಾಡಬೇಡಿ, ಮೈಲುತುತ್ತ ವಿಷ.)

ಎರಡನೆಯ ಹೆಜ್ಜೆ: ಪರಮಾಣುಗಳನ್ನು ಎಣಿಸಿ

ಧಾತುವಿನ ಗುರುತಿನ ಬಲಗಡೆ ಕೆಳಗೆ ಬರೆದ ಚಿಕ್ಕ ಅಂಕಿ ಆ ಒಂದೇ ಧಾತುವಿಗೆ ಸೇರಿದ್ದು. ಅಂಕಿ ಇಲ್ಲದಿದ್ದರೆ ಒಂದು ಎಂದರ್ಥ. ಆವರಣ ಮುಚ್ಚಿದ ಮೇಲೆ ಅಂಕಿ ಬಂದರೆ ಆವರಣದೊಳಗಿನ ಎಲ್ಲವೂ ಅಷ್ಟು ಪಟ್ಟು. ಯೂರಿಯಾ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಒಂದು ಇಂಗಾಲ, ಒಂದು ಆಮ್ಲಜನಕ, ನಂತರ ಆವರಣದಲ್ಲಿ ‘ಒಂದು ಸಾರಜನಕ, ಎರಡು ಜಲಜನಕ’, ಆವರಣದ ಹೊರಗೆ 2. ಹಾಗಾಗಿ ಸಾರಜನಕ ಎರಡು, ಜಲಜನಕ ನಾಲ್ಕು. ಅವಸರದಲ್ಲಿ ಮಕ್ಕಳು ಸಾರಜನಕವನ್ನು ಎರಡು ಮಾಡಿ ಜಲಜನಕವನ್ನು ಎರಡಕ್ಕೇ ಬಿಟ್ಟುಬಿಡುತ್ತಾರೆ. ಎಣಿಸಿದ್ದನ್ನು ಕಾಗದದ ಮೇಲೆ ಒಂದರ ಕೆಳಗೊಂದು ಬರೆದುಕೊಂಡರೆ ಈ ತಪ್ಪು ನಿಲ್ಲುತ್ತದೆ. ಮನಸ್ಸಿನಲ್ಲೇ ಕೂಡಬೇಡಿ.

ಮೂರನೆಯ ಹೆಜ್ಜೆ: ಮೋಲಾರ್ ರಾಶಿ ಕಟ್ಟಿ

ಆವರ್ತ ಕೋಷ್ಟಕದಲ್ಲಿ ಪ್ರತಿ ಧಾತುವಿನ ಮನೆಯಲ್ಲಿ ಎರಡು ಸಂಖ್ಯೆಗಳಿರುತ್ತವೆ. ಪೂರ್ಣಾಂಕವಾಗಿರುವುದು ಪರಮಾಣು ಸಂಖ್ಯೆ, ಅದು ಇಲ್ಲಿ ಬೇಡ. ದಶಮಾಂಶವಿರುವುದು ಪರಮಾಣು ರಾಶಿ, ಅದೇ ಬೇಕು. ಈ ಲೇಖನದ ಲೆಕ್ಕಗಳಿಗೆ ಬೇಕಾದವು ಇಷ್ಟು: ಜಲಜನಕ 1.008, ಇಂಗಾಲ 12.011, ಸಾರಜನಕ 14.007, ಆಮ್ಲಜನಕ 15.999, ಗಂಧಕ 32.06, ಕ್ಯಾಲ್ಸಿಯಂ 40.078, ತಾಮ್ರ 63.546.

ಮೈಲುತುತ್ತಕ್ಕೆ ಕಟ್ಟೋಣ.

ತಾಮ್ರ: 1 × 63.546 = 63.546
ಗಂಧಕ: 1 × 32.06 = 32.06
ಆಮ್ಲಜನಕ: 4 × 15.999 = 63.996
ನೀರು: 5 × 18.015 = 90.075
ಒಟ್ಟು: 249.677, ಅಂದರೆ ಒಂದು ಮೋಲ್‌ಗೆ 249.68 ಗ್ರಾಂ.

ನೀರನ್ನು ಒಡೆದು ಹತ್ತು ಜಲಜನಕ, ಒಟ್ಟು ಒಂಬತ್ತು ಆಮ್ಲಜನಕ ಎಂದು ಕೂಡಿದರೂ ಉತ್ತರ ಅದೇ. ನನಗೆ ನೀರನ್ನು ಇಡಿಯಾಗಿ 18.015 ಎಂದು ಇಟ್ಟುಕೊಳ್ಳುವುದೇ ವಾಸಿ, ಗೊಂದಲ ಕಡಿಮೆ. ಶಾಲೆಯ ಪುಸ್ತಕದಂತೆ ತಾಮ್ರ 63.5, ಗಂಧಕ 32, ಆಮ್ಲಜನಕ 16, ನೀರು 18 ಎಂದು ಹಿಡಿದರೆ 249.5 ಬರುತ್ತದೆ. ಪರೀಕ್ಷೆಯಲ್ಲಿ ಪ್ರಶ್ನೆಯ ಜೊತೆ ಯಾವ ಬೆಲೆ ಕೊಟ್ಟಿದ್ದಾರೋ ಅದನ್ನೇ ಬಳಸಿ.

ನಾಲ್ಕನೆಯ ಹೆಜ್ಜೆ: ತೂಕವನ್ನು ಗ್ರಾಮಿಗೆ ತನ್ನಿ, ಭಾಗಿಸಿ

ಒಂದು ಕಿಲೋ ಎಂದರೆ 1000 ಗ್ರಾಂ. 1000 ÷ 249.68 = 4.005. ಅಂಗಳದ ಆ ನೀಲಿ ರಾಶಿಯಲ್ಲಿ ಇದ್ದದ್ದು ನಾಲ್ಕು ಮೋಲ್. ಮಾನಗಳನ್ನೂ ಜೊತೆಗೇ ಬರೆಯುವ ರೂಢಿ ಮಾಡಿಕೊಳ್ಳಿ. ಗ್ರಾಮನ್ನು ‘ಮೋಲ್‌ಗೆ ಇಷ್ಟು ಗ್ರಾಂ’ ಎಂಬುದರಿಂದ ಭಾಗಿಸಿದಾಗ ಗ್ರಾಂ ಅಳಿದು ಮೋಲ್ ಉಳಿಯಬೇಕು. ಬೇರೇನಾದರೂ ಉಳಿದರೆ ಭಾಗಿಸಬೇಕಾದ ಕಡೆ ಗುಣಿಸಿದ್ದೀರಿ.

ಇನ್ನೊಂದು ಸುಲಭದ ತಾಳೆಯಿದೆ. ತೂಕ ಮೋಲಾರ್ ರಾಶಿಗಿಂತ ಕಡಿಮೆಯಿದ್ದರೆ ಉತ್ತರ ಒಂದಕ್ಕಿಂತ ಕಡಿಮೆಯಿರಲೇಬೇಕು. 5 ಗ್ರಾಂ ಉಪ್ಪನ್ನು ತೆಗೆದುಕೊಳ್ಳಿ. ವಯಸ್ಕರು ದಿನಕ್ಕೆ ಇದಕ್ಕಿಂತ ಕಡಿಮೆ ತಿನ್ನಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನ ಮೋಲಾರ್ ರಾಶಿ 58.44. ಉತ್ತರ 0.0856 ಮೋಲ್. ಇದರ ಬದಲು 292 ಬಂದರೆ ಗುಣಿಸಿದ್ದೀರಿ ಎಂದು ಆ ಕ್ಷಣವೇ ಗೊತ್ತಾಗುತ್ತದೆ.

ದಶಮಾಂಶಗಳ ಬಗ್ಗೆ ಒಂದು ಮಾತು. ಕ್ಯಾಲ್ಕುಲೇಟರ್ ತೋರಿಸುವ ಎಂಟು ಅಂಕಿಗಳನ್ನೂ ಉತ್ತರಕ್ಕೆ ಇಳಿಸಬೇಡಿ. ಹತ್ತು ಗ್ರಾಂ ಆಚೀಚೆ ತೂಗುವ ತಕ್ಕಡಿಯಲ್ಲಿ ಒಂದು ಕಿಲೋ ತೂಗಿದ್ದರೆ ಪ್ರಾಮಾಣಿಕ ಉತ್ತರ ‘4.0 ಮೋಲ್’. ತಕ್ಕಡಿಗೆ ಗೊತ್ತಿಲ್ಲದ್ದನ್ನು ಭಾಗಾಕಾರ ಹುಟ್ಟಿಸಿ ಕೊಡಲಾರದು.

ಚುಕ್ಕೆ ಮರೆತರೆ ಏನಾಗುತ್ತದೆ

ಪದವಿ ತರಗತಿಯಲ್ಲಿದ್ದಾಗ ಇಡೀ ತಂಡಕ್ಕೆ ತಾಮ್ರದ ಸಲ್ಫೇಟ್ ದ್ರಾವಣ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಲೀಟರಿಗೆ 0.1 ಮೋಲ್ ಬೇಕಿತ್ತು. ನಾನು ಕೋಷ್ಟಕ ನೋಡಿ ನೀರಿಲ್ಲದ ತಾಮ್ರದ ಸಲ್ಫೇಟಿನ 159.60 ಎಂಬ ಬೆಲೆ ಹಿಡಿದು 15.96 ಗ್ರಾಂ ತೂಗಿದೆ. ಆದರೆ ಬಾಟಲಿಯಲ್ಲಿದ್ದದ್ದು ನೀಲಿ ಹರಳು. ತೂಗಬೇಕಿದ್ದದ್ದು 24.97 ಗ್ರಾಂ. ಮಧ್ಯಾಹ್ನ ಎಲ್ಲರೂ ಪಿಪೆಟ್ಟಿನಿಂದ 25 ಮಿಲಿಲೀಟರ್ ತೆಗೆದು ಅಷ್ಟೇ ಪ್ರಬಲವಾದ ಹೈಪೋ (ಸೋಡಿಯಂ ಥಯೋಸಲ್ಫೇಟ್) ದ್ರಾವಣದೊಂದಿಗೆ ಅಳೆದರು. ಬ್ಯೂರೆಟ್ಟಿನಲ್ಲಿ 25ರ ಹತ್ತಿರ ಬರಬೇಕಾದ ಅಂಕಿ ಒಬ್ಬರಾದ ಮೇಲೊಬ್ಬರಿಗೆ 16ರ ಹತ್ತಿರವೇ ನಿಂತಿತು. ಹತ್ತು ಜನರ ಕೈ ಒಂದೇ ರೀತಿ ತಪ್ಪುವುದಿಲ್ಲ. ಮೇಷ್ಟರು ಬಾಟಲಿ ತರಿಸಿ, ಹೆಸರುಪಟ್ಟಿಯ ಮೇಲಿನ ಚುಕ್ಕೆಯ ಕೆಳಗೆ ಬೆರಳಿಟ್ಟು ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಅಂದಿನಿಂದ ನಾನು ತೂಗುವ ಮೊದಲು ಬಾಟಲಿಯ ಮೇಲಿನ ಸೂತ್ರವನ್ನು ಜೋರಾಗಿ ಓದಿಕೊಳ್ಳುತ್ತೇನೆ. ಬಹಳಷ್ಟು ಬಾಟಲಿಗಳ ಮೇಲೆ ಮೋಲಾರ್ ರಾಶಿಯನ್ನೇ ಅಚ್ಚುಹಾಕಿರುತ್ತಾರೆ. ನೀವು ಕಟ್ಟಿದ ಸಂಖ್ಯೆಗೆ ಅದನ್ನು ತಾಳೆ ಹಾಕಿ ನೋಡಿ.

ಈಗ ಸುಣ್ಣ

ಅಕ್ಕನ ಮಗನ ಪ್ರಶ್ನೆಗೆ ಬರೋಣ. ‘ಸುಣ್ಣ’ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ವಸ್ತುಗಳಿವೆ. ನೀರು ಹಾಕದ ಸುಟ್ಟ ಸುಣ್ಣ ಕ್ಯಾಲ್ಸಿಯಂ ಆಕ್ಸೈಡ್. ಅದರ ಮೋಲಾರ್ ರಾಶಿ 56.08. ನೀರು ಕುಡಿದು ಅರಳಿದ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದರಲ್ಲಿ ಕ್ಯಾಲ್ಸಿಯಂ ಒಂದು, ಆವರಣದಲ್ಲಿ ಆಮ್ಲಜನಕ ಮತ್ತು ಜಲಜನಕ, ಹೊರಗೆ 2. ಹಾಗಾಗಿ 40.078 + 2 × 17.007 = 74.09. ಗಾಳಿಯಲ್ಲಿ ಬಹಳ ದಿನ ಬಿಟ್ಟ ಸುಣ್ಣ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಕ್ಯಾಲ್ಸಿಯಂ ಕಾರ್ಬೋನೇಟ್ ಆಗುತ್ತದೆ, ಅಂದರೆ ಸೀಮೆಸುಣ್ಣದ ಪುಡಿ.

ಒಂದು ಕಿಲೋ ಶುದ್ಧ ಸುಟ್ಟ ಸುಣ್ಣ: 1000 ÷ 56.08 = 17.83 ಮೋಲ್. ಒಂದು ಕಿಲೋ ಅರಳಿದ ಸುಣ್ಣ: 1000 ÷ 74.09 = 13.50 ಮೋಲ್. ಪಕ್ಕದಲ್ಲಿ ಮೈಲುತುತ್ತ ಬರೀ 4. ತಕ್ಕಡಿಯಲ್ಲಿ ಸಮನಾಗಿ ನಿಂತ ಎರಡು ರಾಶಿಗಳಲ್ಲಿ ಒಂದರ ಎಣಿಕೆ ಇನ್ನೊಂದರ ಮೂರು, ನಾಲ್ಕು ಪಟ್ಟು. ಭತ್ತ ಮತ್ತು ರಾಗಿಯ ಕಥೆಯೇ.

ಪುಸ್ತಕದ ಸರಳ ಸಮೀಕರಣದಲ್ಲಿ ಒಂದು ಮೋಲ್ ತಾಮ್ರದ ಸಲ್ಫೇಟಿಗೆ ಒಂದು ಮೋಲ್ ಅರಳಿದ ಸುಣ್ಣ. ಹಾಗೆ ನೋಡಿದರೆ 4.005 × 74.09, ಸುಮಾರು 297 ಗ್ರಾಂ ಸುಣ್ಣವೇ ಸಾಕು. ಹುಡುಗ ಈ ಲೆಕ್ಕ ಮಾಡಿದವನೇ ಸುಣ್ಣದ ಬುಟ್ಟಿಗೆ ಕೈ ಹಾಕಿ ತೆಗೆಯಲು ಹೊರಟ. ತಡೆದೆ. ನಿಜವಾದ ಡ್ರಮ್ಮಿನಲ್ಲಿ ನಡೆಯುವ ಕ್ರಿಯೆ ಸಮೀಕರಣದಷ್ಟು ಸರಳವಲ್ಲ. ಊರಿನಲ್ಲಿ ಸಿಗುವ ಸುಣ್ಣದಲ್ಲಿ ಕಲ್ಲು, ಮಣ್ಣು, ಸೀಮೆಸುಣ್ಣವಾದ ಪಾಲು ಎಲ್ಲವೂ ಇರುತ್ತವೆ. ಜೊತೆಗೆ, ಕರಗಿದ ತಾಮ್ರ ಬಿಡಿಯಾಗಿ ಉಳಿದರೆ ಎಲೆ, ಸಿಂಗಾರ, ಎಳೆಗಾಯಿಗಳನ್ನು ಸುಡುತ್ತದೆ. ಅದು ಉಳಿಯದಿರಲೆಂದೇ ಸುಣ್ಣವನ್ನು ಹೆಚ್ಚಾಗಿ ಇಡುತ್ತಾರೆ. ಮೋಲ್ ಲೆಕ್ಕ ತೋರಿಸುವುದು ಶುದ್ಧ ವಸ್ತುವಿನ ಕಥೆಯನ್ನು. ತೋಟದ ಪ್ರಮಾಣವನ್ನು ಅದನ್ನು ನಂಬಿ ಬದಲಾಯಿಸಬಾರದು.

ತೋಟದಲ್ಲಿ ತೀರ್ಪು ಹೇಳುವುದು ಕತ್ತಿ. ಎರಡೂ ಬೆರೆತ ಮೇಲೆ ಚೆನ್ನಾಗಿ ಉಜ್ಜಿದ ಕಬ್ಬಿಣದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಕಂದು ಲೇಪ ಕೂತರೆ ಬಿಡಿ ತಾಮ್ರ ಇನ್ನೂ ಇದೆ, ಸುಣ್ಣದ ತಿಳಿ ಇನ್ನಷ್ಟು ಬೇಕು. ಅಲಗು ಹಾಗೇ ಹೊಳೆದರೆ ಹೊಡೆಯಬಹುದು. ಆ ಲೇಪ ತಾಮ್ರವೇ. ಕಬ್ಬಿಣದ ಒಂದು ಪರಮಾಣು ದ್ರಾವಣಕ್ಕೆ ಇಳಿದು ತಾಮ್ರದ ಒಂದು ಪರಮಾಣುವಿಗೆ ಜಾಗ ಬಿಟ್ಟುಕೊಡುತ್ತದೆ. ಅಲ್ಲಿಯೂ ನಡೆಯುವುದು ಎಣಿಕೆಯ ವ್ಯವಹಾರವೇ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ರೂಢಿಗೆ ಬಂದ ಈ ದ್ರಾವಣವನ್ನು ನಮ್ಮ ಅಡಿಕೆಯ ಕೊಳೆರೋಗಕ್ಕೆ ತಂದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ನೂರು ವರ್ಷ ದಾಟಿದರೂ ಮಲೆನಾಡಿನ ಅಂಗಳಗಳಲ್ಲಿ ಅದೇ ನೀಲಿ ಡ್ರಮ್ಮು ಇದೆ.

ಎಡವುವ ಜಾಗಗಳು

ಕಿಲೋ, ಮಿಲಿಗ್ರಾಂ ಇವುಗಳನ್ನು ಗ್ರಾಮಿಗೆ ತರದೆ ಭಾಗಿಸುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಒಂದು ಚೀಲ ಯೂರಿಯಾ ಈಗ 45 ಕಿಲೋ. ಮೋಲಾರ್ ರಾಶಿ 60.06. 45ನ್ನು ನೇರವಾಗಿ ಭಾಗಿಸಿದರೆ 0.75 ಬರುತ್ತದೆ. ಸರಿಯಾದ ಉತ್ತರ 45000 ÷ 60.06, ಸುಮಾರು 749 ಮೋಲ್. ಪ್ರತಿ ಅಣುವಿನಲ್ಲಿ ಎರಡು ಸಾರಜನಕ ಇರುವುದರಿಂದ ಸಾರಜನಕ ಪರಮಾಣುಗಳು ಅದರ ಎರಡರಷ್ಟು, 1498 ಮೋಲ್‌ನಷ್ಟು. ‘ಯೂರಿಯಾದ ಮೋಲ್’ ಮತ್ತು ‘ಯೂರಿಯಾದಲ್ಲಿರುವ ಸಾರಜನಕದ ಮೋಲ್’ ಎರಡು ಬೇರೆ ಪ್ರಶ್ನೆಗಳು. ಯಾವುದನ್ನು ಕೇಳಿದ್ದಾರೆ ಎಂದು ಎರಡು ಸಲ ಓದಿ.

ಅನಿಲಗಳಲ್ಲಿ ಇದೇ ಗೊಂದಲ ಬೇರೆ ವೇಷದಲ್ಲಿ ಬರುತ್ತದೆ. ಆಮ್ಲಜನಕದ ಪರಮಾಣು 16, ಆದರೆ ಸಿಲಿಂಡರಿನಲ್ಲಿರುವ ಆಮ್ಲಜನಕ ಜೋಡಿ ಪರಮಾಣುಗಳ ಅಣು, ಅದು 32. ಜಲಜನಕ, ಸಾರಜನಕ, ಕ್ಲೋರಿನ್ ಕೂಡ ಹೀಗೆಯೇ ಜೋಡಿಯಾಗಿರುತ್ತವೆ.

ದ್ರವವಾದರೆ ತೂಕದ ಬದಲು ಅಳತೆ ಕೊಟ್ಟಿರುತ್ತಾರೆ. ಆಗ ಮೊದಲು ಸಾಂದ್ರತೆಯಿಂದ ಗುಣಿಸಿ ಗ್ರಾಮಿಗೆ ತನ್ನಿ, ನಂತರ ಶುದ್ಧತೆಯ ಪಾಲನ್ನು ತೆಗೆಯಿರಿ, ಆಮೇಲೆ ಭಾಗಿಸಿ. ಪ್ರಯೋಗಾಲಯದ ಪ್ರಬಲ ಗಂಧಕಾಮ್ಲದ ಸಾಂದ್ರತೆ ಮಿಲಿಲೀಟರಿಗೆ 1.84 ಗ್ರಾಂ, ಶುದ್ಧತೆ ಶೇಕಡಾ 98. ಒಂದು ಲೀಟರ್ ಎಂದರೆ 1840 ಗ್ರಾಂ. ಅದರಲ್ಲಿ ಆಮ್ಲ 1803 ಗ್ರಾಂ. ಮೋಲಾರ್ ರಾಶಿ 98.07. ಉತ್ತರ 18.4 ಮೋಲ್.

ರಕ್ತಪರೀಕ್ಷೆಯ ಚೀಟಿಯಲ್ಲಿ ಮೋಲ್

ತೋಟ, ಪ್ರಯೋಗಾಲಯ ಎರಡೂ ಇಲ್ಲದವರಿಗೂ ಈ ಲೆಕ್ಕ ಎದುರಾಗುವ ಜಾಗ ಒಂದಿದೆ. ನಮ್ಮಲ್ಲಿ ರಕ್ತದ ಸಕ್ಕರೆಯನ್ನು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆಯುತ್ತಾರೆ. ಇಂಗ್ಲೆಂಡಿನಲ್ಲಿ ಲೀಟರಿಗೆ ಇಷ್ಟು ಮಿಲಿಮೋಲ್ ಎಂದು ಬರೆಯುತ್ತಾರೆ. ಅಲ್ಲಿರುವ ತಂಗಿ ಒಮ್ಮೆ ಗಾಬರಿಯಲ್ಲಿ ಫೋನ್ ಮಾಡಿದಳು: “ಅಣ್ಣ, ಅಮ್ಮನದು 126 ಎಂದು ಚೀಟಿ ಕಳಿಸಿದ್ದಾರೆ. ನನ್ನದು ಬರೀ 5.6. ಇಷ್ಟೊಂದು ವ್ಯತ್ಯಾಸವೇ?”

ಗ್ಲೂಕೋಸಿನಲ್ಲಿ ಆರು ಇಂಗಾಲ, ಹನ್ನೆರಡು ಜಲಜನಕ, ಆರು ಆಮ್ಲಜನಕ. 72.066 + 12.096 + 95.994 = 180.156. ಡೆಸಿಲೀಟರಿಗೆ 126 ಮಿಲಿಗ್ರಾಂ ಎಂದರೆ ಲೀಟರಿಗೆ 1260 ಮಿಲಿಗ್ರಾಂ. ಮಿಲಿಗ್ರಾಮನ್ನು ಮೋಲಾರ್ ರಾಶಿಯಿಂದ ಭಾಗಿಸಿದರೆ ಮಿಲಿಮೋಲ್ ಸಿಗುತ್ತದೆ: 1260 ÷ 180.156 = 7.0. ಹತ್ತರಿಂದ ಗುಣಿಸಿ 180ರಿಂದ ಭಾಗಿಸುವುದು ಎಂದರೆ ಒಟ್ಟಿನಲ್ಲಿ 18ರಿಂದ ಭಾಗಿಸಿದಂತೆ. ಮನೆಮಂದಿಗೆ ಅಷ್ಟು ನೆನಪಿದ್ದರೆ ಸಾಕು.

ಆದರೆ ಈ 18 ಗ್ಲೂಕೋಸಿಗೆ ಮಾತ್ರ. ಕೊಲೆಸ್ಟ್ರಾಲಿನ ಮೋಲಾರ್ ರಾಶಿ 386.66. ಅದನ್ನು 38.67ರಿಂದ ಭಾಗಿಸಬೇಕು. ಅಲ್ಲಿ 200 ಎಂದರೆ 5.17.

ತಂಗಿಗೆ ಹೇಳಿದೆ: ಅಮ್ಮನದು ನಿನ್ನ ಲೆಕ್ಕದಲ್ಲಿ 7.0, ನಿನ್ನದು ನಮ್ಮ ಲೆಕ್ಕದಲ್ಲಿ 101. ಖಾಲಿ ಹೊಟ್ಟೆಯಲ್ಲಿ ತೆಗೆದ ರಕ್ತದಲ್ಲಿ 126 ಅಥವಾ 7.0 ಎಂಬುದೇ ಮಧುಮೇಹವೆಂದು ಹೇಳುವ ಗಡಿ, ಆದ್ದರಿಂದ ಅಮ್ಮನನ್ನು ಇನ್ನೊಮ್ಮೆ ಪರೀಕ್ಷೆಗೆ ಕರೆದುಕೊಂಡು ಹೋಗುತ್ತೇನೆ. ಮರುದಿನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಅಮ್ಮನನ್ನು ಹೊರಡಿಸಿದಾಗ, ತಂಗಿ ಮೊಬೈಲಿನಲ್ಲಿ ಒಂದು ಸಾಲು ಕಳಿಸಿದ್ದಳು: “ಬಂದ ಅಂಕಿ ಹಾಗೇ ಕಳಿಸು. 18ರಿಂದ ನಾನೇ ಭಾಗಿಸಿಕೊಳ್ಳುತ್ತೇನೆ.”